ಹೊಸ ಒಡಂಬಡಿಕೆಯಲ್ಲಿ ಎಂ.ಟಿಎಚ್.: ನನ್ನ ಅನುಭವ

ಬಿ.ಡಿ. (ದೈವಶಾಸ್ತ್ರದ ಮೊದಲ ಪದವಿ) ಮುಗಿಸಿ ಸಭೆ ನೋಡಿಕೊಳ್ಳುತ್ತಿರುವ ಕಿರಿಯ ಪಾಸ್ಟರುಗಳು ಆಗಾಗ ಕೇಳುತ್ತಾರೆ: ಎಂ.ಟಿಎಚ್., ಅಂದರೆ ದೈವಶಾಸ್ತ್ರದ ಸ್ನಾತಕೋತ್ತರ ಪದವಿ, ಓದಿದರೆ ಸಭೆಗೆ ಏನು ಪ್ರಯೋಜನ? ನನಗಂತೂ ತುಂಬಾ ಆಗಿದೆ. ಒಂದು ವಚನದ ಮುಂದೆ ಅವಸರ ಮಾಡದೆ ಕೂತುಕೊಳ್ಳುವುದನ್ನು ನಾನು ಕಲಿತಿದ್ದೇ ಅಲ್ಲಿ.

ಬಿ.ಡಿ. ಓದಿದ್ದು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ. ಕೆಲವು ವರ್ಷ ಸೇವೆ ಮಾಡಿದ ಮೇಲೆ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಸೇರಿದೆ. 1910ರಲ್ಲಿ ಶುರುವಾದ ಕಾಲೇಜು ಅದು. ಎರಡೂ ಕಡೆ ಪದವಿ ಕೊಡುವುದು ಸೆರಾಂಪುರದ ಸೆನೆಟ್ ಅನ್ನುವ ವಿಶ್ವವಿದ್ಯಾಲಯದಂಥ ಸಂಸ್ಥೆ. ಎಂ.ಟಿಎಚ್.ನಲ್ಲಿ ಪಾಠ, ಪುಸ್ತಕ ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಕೆಲವು ತಿಂಗಳು ಅದು ಭಾರ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿಗೆ ಮಾತ್ರ ಸುಮ್ನೆ ಹೆದರಬೇಡಿ. ರಾಮನು, ರಾಮನನ್ನು, ರಾಮನಿಗೆ ಅಂತ ಶಾಲೆಯಲ್ಲಿ ವಿಭಕ್ತಿ ಕಲಿತವರು ನಾವು ಅಲ್ವಾ? ಗ್ರೀಕಿನಲ್ಲೂ ನಾಮಪದದ ಕೊನೆ ನೋಡಿದರೆ ಯಾರು, ಯಾರನ್ನು, ಯಾರಿಗೆ ಅಂತ ತಿಳಿಯುತ್ತದೆ. ನಮ್ಮ ‘ಬಂದೆನು’ ಥರ ಅಲ್ಲೂ ಕ್ರಿಯಾಪದವೇ ಯಾರು ಅನ್ನುವುದನ್ನು ಹೇಳಿಬಿಡುತ್ತದೆ. ನಾನು ಮಾರ್ಕನ ಸುವಾರ್ತೆಯಿಂದ ಶುರು ಮಾಡಿದೆ, ಅವನ ವಾಕ್ಯಗಳು ಸರಳ. ಬೆಳಿಗ್ಗೆ ತಿಂಡಿಗೆ ಮುಂಚೆ ಕೆಲವು ವಚನ ಗಟ್ಟಿಯಾಗಿ ಓದಿ, ಕ್ರಿಯಾಪದಗಳಿಗೆ ಕನ್ನಡದ ರೂಪ ಬರೆದುಕೊಳ್ಳುತ್ತಿದ್ದೆ.

ನನ್ನ ಓದನ್ನು ಬದಲಿಸಿದ್ದು ಮಾರ್ಕನ 16ನೇ ಅಧ್ಯಾಯ. ನಮ್ಮ ಸತ್ಯವೇದದಲ್ಲಿ ಅದು 20ನೇ ವಚನಕ್ಕೆ ಮುಗಿಯುತ್ತದೆ. ವಿದ್ವಾಂಸರು ಬಳಸುವ ನೆಸ್ಲೆ-ಆಲಂಡ್ ಅವರ ಗ್ರೀಕ್ ಹೊಸ ಒಡಂಬಡಿಕೆ ತೆರೆದರೆ 9ನೇ ವಚನದಿಂದ ಮುಂದಿನ ಭಾಗ ಜೋಡಿ ಕಂಸದೊಳಗಿದೆ, ಅಂದರೆ ಅದು ಆಮೇಲೆ ಸೇರಿದ್ದು ಅನ್ನುವ ಗುರುತು. ಪುಟದ ಕೆಳಗೆ ಸಣ್ಣ ಅಕ್ಷರದ ಸಾಲುಗಳು, ಯಾವ ಹಸ್ತಪ್ರತಿಯಲ್ಲಿ ಏನಿದೆ ಅನ್ನುವ ಗುರುತುಗಳು. 4ನೇ ಶತಮಾನದ ಗ್ರೀಕ್ ಹಸ್ತಪ್ರತಿಗಳಾದ ಸಿನೈಟಿಕಸ್ ಮತ್ತು ವ್ಯಾಟಿಕನಸ್ ಎರಡೂ 8ನೇ ವಚನಕ್ಕೇ ನಿಂತುಬಿಡುತ್ತವೆ: ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ, ಯಾಕಂದರೆ ಅವರಿಗೆ ಭಯವಾಗಿತ್ತು. ಸಿನೈಟಿಕಸ್‌ನ ಆ ಪುಟವನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಆ ಕಾಲಂನಲ್ಲಿ ಉಳಿದ ಖಾಲಿ ಜಾಗವನ್ನು ನಾನು ತುಂಬಾ ಹೊತ್ತು ನೋಡಿದ್ದೇನೆ.

ಇದನ್ನು ಸಭೆಯಲ್ಲಿ ಹೇಳಬಹುದಾ? ಹೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಸ್ತ್ರೀ ಸಂಘದ ಬೈಬಲ್ ಅಧ್ಯಯನದಲ್ಲಿ ಆ ಎಂಟು ವಚನ ಮಾತ್ರ ಓದಿಸಿ, ಹಸ್ತಪ್ರತಿಗಳ ಸಂಗತಿ ವಿವರಿಸಿದೆ. ಹಿರಿಯರೊಬ್ಬರು, “ಹಾಗಾದ್ರೆ ಅವರೂ ನಮ್ಮ ಹಾಗೇ ಹೆದರಿದ್ರಲ್ಲ ಅಯ್ಯನವರೇ” ಅಂದರು. ಯಾರ ನಂಬಿಕೆಯೂ ಅಲುಗಲಿಲ್ಲ. ಮಾತುಕತೆ ಮಾತ್ರ ಊಟದ ಹೊತ್ತು ದಾಟಿತು.

ಸೇರಬೇಕು ಅಂದುಕೊಂಡವರು ಥೀಸಿಸ್ ವಿಷಯವನ್ನು ಬೇಗ ಯೋಚಿಸಿ. ‘ಪೌಲನಲ್ಲಿ ಕೃಪೆ’ ಅಂತ ದೊಡ್ಡದು ಹಿಡಿದರೆ ಓದುವುದೇ ಮುಗಿಯುವುದಿಲ್ಲ. ಹತ್ತು-ಹದಿನೈದು ವಚನ ಸಾಕು. ಅದೂ ನಿಮ್ಮ ಸಭೆಯವರು ನಿಮ್ಮನ್ನು ಜಾಸ್ತಿ ಕೇಳಿರುವ ಭಾಗವಾಗಿದ್ದರೆ ಒಳ್ಳೆಯದು. ಗ್ರೀಕ್ ವ್ಯಾಕರಣವನ್ನು ಸೇರುವ ಮುಂಚೆಯೇ ಮತ್ತೆ ಒಮ್ಮೆ ತಿರುವಿಹಾಕಿ. ಕ್ಲಾಸು ಶುರುವಾದ ಮೇಲೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ.