ಕನಕಾಂಬರದ ಬೀಜ ಸಿಡಿದು ಹೋಗದ ಹಾಗೆ ಹಿಡಿಯೋದು ಹೇಗೆ?
ಕನಕಾಂಬರದ ತೆನೆ ಪೂರ್ತಿ ಒಣಗಿ ಕಂದು ಬಣ್ಣಕ್ಕೆ ಬಂದ ಮೇಲೆ, ಗಿಡಕ್ಕೆ ನೀರು ಹಾಕುವ ಮುಂಚೆಯೇ ಕತ್ತರಿಸಿ ಡಬ್ಬಿಗೆ ಹಾಕಿ. ಸ್ವಲ್ಪ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಪಟಪಟ ಸಿಡಿದು ಬೀಜವೆಲ್ಲ ಒಳಗೇ ಬೀಳುತ್ತದೆ. ಒಣ ಕಾಯಿಗೆ ತೇವ ತಾಗಿದರೆ ಸಾಕು, ಸೀಳಿಕೊಂಡು ಬೀಜವನ್ನು ದೂರ ಎಸೆಯುತ್ತದೆ. ಗಿಡದಲ್ಲೇ ಬಿಟ್ಟರೆ ಅಂಗಳವೆಲ್ಲ ಹುಡುಕಬೇಕು, ಅಲ್ವಾ? ಹಸಿರು ತೆನೆ ಕಿತ್ತರೆ ಇದು ಆಗುವುದಿಲ್ಲ. ದಿಲ್ಲಿ ಕನಕಾಂಬರ ಅನ್ನೋ ತಳಿಗಂತೂ ಬೀಜವೇ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ನಮ್ಮ ಕಲಬುರಗಿ ಬಿಸಿಲಿಗೆ ಸಸಿಯನ್ನು ಬೇವಿನ ನೆರಳಲ್ಲೋ, ಮನೆಯ ಪೂರ್ವದ ಗೋಡೆ ಪಕ್ಕವೋ ನೆಡಿ. ಎರೆಮಣ್ಣಾದರೆ ಮರಳು, ತಿಪ್ಪೆಗೊಬ್ಬರ ಬೆರೆಸಿ; ನೀರು ನಿಂತರೆ ಬೇರು ಕೊಳೆಯುತ್ತದೆ. ಹೂವಿಗೆ ವಾಸನೆ ಇಲ್ಲ, ಆದರೆ ಬೇಗ ಬಾಡುವುದಿಲ್ಲ. ಮಲ್ಲಿಗೆ, ಮರುಗದ ಜೊತೆ ಸೇರಿಸಿ ದಂಡೆ ಕಟ್ಟಿ.