ಜುನಿಪರ್ ಹೊರಗೇ ಇರಲಿ

ನವೆಂಬರ್ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. "ಆಂಟಿ, ಚಳಿ ಶುರುವಾಯ್ತು, ಬೋನ್ಸಾಯ್ ಒಳಗೆ ತಂದಿಟ್ಟೆ, ಸರಿ ತಾನೆ?" ಬೋನ್ಸಾಯ್ ಅಂದರೆ ಚಿಕ್ಕ ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಮರ. ನಾನು ಮೊದಲು ಕೇಳೋದು, ಅದು ಯಾವ ಗಿಡ ಅಂತ. ನ್ಯೂಜೆರ್ಸಿಯಲ್ಲಿ 26 ಚಳಿಗಾಲ ಕಳೆದಿದ್ದೇನೆ. ಚಳಿಗೆ ಬಿಟ್ಟು ಕಳೆದುಕೊಂಡ ಗಿಡಗಳಿಗಿಂತ, ಅಯ್ಯೋ ಪಾಪ ಅಂತ ಒಳಗೆ ತಂದು ಕಳೆದುಕೊಂಡದ್ದನ್ನೇ ಜಾಸ್ತಿ ನೋಡಿದ್ದೇನೆ.

ಮೊದಲನೆಯದು ನನ್ನದೇ. ಬಂದ ವರ್ಷ ಅಂಗಡಿಯಿಂದ ಒಂದು ಪುಟ್ಟ ಜುನಿಪರ್ ತಂದಿದ್ದೆ, ಪೈನ್ ತರಹದ ಸದಾ ಹಸಿರಿನ ಗಿಡ. ಮಣ್ಣಿನ ಮೇಲೆ ಬಿಳಿ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿದ್ದರು, ನೋಡೋಕೆ ಚೆಂದ. ಅಡುಗೆಮನೆ ಕಿಟಕಿಯಲ್ಲಿಟ್ಟೆ, ಕೆಳಗೇ ಹೀಟರ್. ಜನವರಿಯವರೆಗೂ ಹಸಿರಾಗೇ ಇತ್ತು. ಒಂದು ದಿನ ಧೂಳು ಒರೆಸೋಣ ಅಂತ ಬಟ್ಟೆ ಮುಟ್ಟಿಸಿದೆ, ಎಲೆಯೆಲ್ಲ ಪುಡಿಪುಡಿಯಾಗಿ ಸಿಂಕಿಗೆ ಉದುರಿತು. ಜುನಿಪರ್ ಹಾಗೇ, ಸತ್ತ ಮೇಲೂ ವಾರಗಟ್ಟಲೆ ಹಸಿರು ಬಿಡೋದಿಲ್ಲ. ಪ್ರತಿದಿನ ನೀರು ಹಾಕಿ ನಾನು ಸಾಕಿದ್ದು ಹೆಣವನ್ನ!

ಜುನಿಪರ್, ಜಪಾನೀಸ್ ಮೇಪಲ್, ಪೈನ್ ಇವೆಲ್ಲ ಚಳಿ ಊರಿನವು. ಇವುಗಳಿಗೆ ವರ್ಷಕ್ಕೊಮ್ಮೆ ತಣ್ಣಗೆ ಮಲಗಲೇಬೇಕು. ಬೆಚ್ಚನೆ ಮನೆಯೊಳಗಿಟ್ಟರೆ ನಿದ್ದೆಗೆಟ್ಟು ಸೊರಗುತ್ತವೆ. ಫೈಕಸ್, ದಪ್ಪ ಎಲೆಯ ಜೇಡ್, ಕಾಗದದ ಹೂವಿನ ಗಿಡ ಇವು ಬೇರೆ ಜಾತಿ. ನಮ್ಮೂರ ಆಲ, ಅರಳಿ, ಅತ್ತಿ ಎಲ್ಲ ಫೈಕಸ್ ಕುಟುಂಬದ್ದೇ ಅಲ್ವಾ, ಹಿಮ ಎಲ್ಲಿ ತಡೆದಾವು? ರಾತ್ರಿ 10 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುವ ಮೊದಲೇ ಅವನ್ನು ಒಳಗೆ ತನ್ನಿ.

ಹಾಗಾದರೆ ಜುನಿಪರ್ ಸುಮ್ನೆ ಹೊರಗೆ ಬಿಟ್ಟರಾಯ್ತಾ? ಇಲ್ಲ. ಕೊಂಬೆ ಮೈನಸ್ 20 ಆದರೂ ತಡೆದೀತು, ಬೇರಿಗೆ ಆ ಶಕ್ತಿ ಇಲ್ಲ. ನೆಲದಲ್ಲಿದ್ದರೆ ಭೂಮಿಯೇ ಬೇರಿಗೆ ಕಂಬಳಿ. ಎರಡು ಇಂಚು ಆಳದ ಕುಂಡದಲ್ಲಿ ಚಳಿ ಸುತ್ತಲಿಂದಲೂ ನುಗ್ಗುತ್ತದೆ. ಕುಂಡದೊಳಗೆ ಮೈನಸ್ 10ರ ಹತ್ತಿರ ಹೋಯಿತು ಅಂದರೆ ಎಷ್ಟೋ ಗಿಡಗಳ ಬೇರಿಗೆ ಪೆಟ್ಟು ಬೀಳುತ್ತದೆ. ಅದಕ್ಕೇ ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ನಾನು ಮನೆಯ ಉತ್ತರದ ಗೋಡೆ ಪಕ್ಕ ನೆಲ ಅಗೆದು, ಕುಂಡವನ್ನು ಅಂಚಿನವರೆಗೂ ಹೂತುಬಿಡುತ್ತೇನೆ. ಮೇಲೆ ಒಣಗಿದ ಎಲೆ, ಮರದ ತೊಗಟೆ ಚೂರು ನಾಲ್ಕು ಬೆರಳು ದಪ್ಪ. ದಕ್ಷಿಣದ ಗೋಡೆ ಬೇಡ. ಅಲ್ಲಿ ಹಗಲು ಬಿಸಿಲಿಗೆ ಮಣ್ಣು ಕರಗಿ, ರಾತ್ರಿ ಮತ್ತೆ ಕಲ್ಲಾಗುತ್ತದೆ. ಈ ಕರಗು-ಹೆಪ್ಪುಗಟ್ಟು ಆಟಕ್ಕೆ ಬೇರು ಹಾಳು, ಕುಂಡವೂ ಬಿರುಕು. ಹಿಮ ಬಿದ್ದರೆ ಮಾತ್ರ ಕುಂಡದ ಸುತ್ತಲಿಂದ ಕೆರೆದು ಹಾಕಬೇಡಿ, ಅದಕ್ಕಿಂತ ಒಳ್ಳೆ ಹೊದಿಕೆ ಇಲ್ಲ. ಕೊಂಬೆ ಮೇಲೆ ಭಾರವಾಗಿ ಕೂತಿದ್ದರೆ ಕೈಯಲ್ಲಿ ಮೆಲ್ಲಗೆ ತಟ್ಟಿ ಬೀಳಿಸಿ.

ಅಂಗಳ ಇಲ್ಲದವರು ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ಇಡಬಹುದು. 0ಯಿಂದ 5 ಡಿಗ್ರಿ ಇದ್ದರೆ ಮಲಗೋಕೆ ಹೇಳಿ ಮಾಡಿಸಿದ ಜಾಗ. ಎಲೆ ಉದುರಿದ ಮೇಪಲ್‌ಗೆ ಕತ್ತಲಾದರೂ ನಡೆಯುತ್ತದೆ, ಜುನಿಪರನ್ನು ಕಿಟಕಿ ಪಕ್ಕ ಇಡಿ. ಇಲಿ ಇದ್ದರೆ ಬುಡದ ಸುತ್ತ ತಂತಿ ಜಾಲರಿ ಕಟ್ಟಿ. ತಿನ್ನೋಕೆ ಬೇರೇನೂ ಸಿಗದ ಕಾಲದಲ್ಲಿ ಅವು ತೊಗಟೆಯನ್ನೇ ಸುತ್ತಲೂ ಕೆರೆದು ತಿಂದುಬಿಡುತ್ತವೆ, ಆಮೇಲೆ ಗಿಡ ಉಳಿಯೋದಿಲ್ಲ.

ಎಲ್ಲರೂ ತಪ್ಪೋದು ನೀರಿನ ವಿಷಯದಲ್ಲಿ. ಚಳಿಗಾಲದಲ್ಲಿ ನೀರು ಬೇಡ ಅಂದುಕೊಂಡು ಮರೆತೇಬಿಡುತ್ತಾರೆ. ಒಣಗಾಳಿ ಎಲೆಯಿಂದ ನೀರು ಹೀರುತ್ತಲೇ ಇರುತ್ತದೆ, ಹೆಪ್ಪುಗಟ್ಟಿದ ಮಣ್ಣಿನಿಂದ ಬೇರಿಗೆ ಒಂದು ಹನಿಯೂ ಎಳೆದುಕೊಳ್ಳಲು ಆಗೋದಿಲ್ಲ. ಚಳಿಗೆ ಸತ್ತಿತು ಅಂತ ಹೇಳುವ ಎಷ್ಟೋ ಗಿಡ ಸತ್ತಿದ್ದು ಬಾಯಾರಿಕೆಗೆ. ಗಾಳಿಗೆ ಅಡ್ಡ ಒಂದು ಹಲಗೆಯಾದರೂ ಇಡಿ. ಮಣ್ಣು ಕರಗಿದ ದಿನ ಬೆರಳು ಒತ್ತಿ ನೋಡಿ, ಒಣಗಿದ್ದರೆ ಬೆಳಗಿನ ಹೊತ್ತೇ ನೀರು ಹಾಕಿ. ಹೆಪ್ಪು ಕರಗಿಸೋಕೆ ಅಂತ ಬಿಸಿನೀರು ಮಾತ್ರ ಸುರಿಯಬೇಡಿ. ಗ್ಯಾರೇಜಿನಲ್ಲಿ ನಾನು ಮಾಡೋದು ಇನ್ನೂ ಸುಲಭ. ಹೊರಗಿಂದ ಎರಡು ಹಿಡಿ ಹಿಮ ತಂದು ಮಣ್ಣಿನ ಮೇಲೆ ಇಟ್ಟುಬಿಡುತ್ತೇನೆ, ಅದು ತನ್ನ ಪಾಡಿಗೆ ಕರಗಿ ಇಳಿಯುತ್ತದೆ.

ಮಲಗಿದ ಗಿಡಕ್ಕೆ ಗೊಬ್ಬರ ಬೇಡ. ಒಳಗೆ ತಂದ ಫೈಕಸ್ ಒಂದಷ್ಟು ಎಲೆ ಉದುರಿಸುತ್ತದೆ, ಜಾಗ ಬದಲಾದ ಸಿಟ್ಟು ಅದು. ಗಾಬರಿಯಾಗಿ ನೀರು ಜಾಸ್ತಿ ಹಾಕಬೇಡಿ, ಬಿಸಿಲು ಬರುವ ಕಿಟಕಿ ಕೊಡಿ. ಜೇಡ್‌ಗೆ ತಿಂಗಳಿಗೆ ಒಂದೆರಡು ಸಲ ನೀರು ಸಾಕು.

ಮಾರ್ಚಿನಲ್ಲಿ ಒಂದು ವಾರ ಬೆಚ್ಚಗಾಯಿತು ಅಂತ ಎಲ್ಲವನ್ನೂ ಕಿತ್ತು ಬಿಸಿಲಿಗಿಡುವ ಆತುರ ಬೇಡ. ಮೇಪಲ್ ಚಿಗುರು ತುಂಬ ಮೆದು, ಒಂದೇ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದರೆ ಕಪ್ಪಾಗುತ್ತದೆ. ಏಪ್ರಿಲ್ ಪೂರ್ತಿ ನಾನು ಸಂಜೆ ಒಳಗೆ, ಬೆಳಗ್ಗೆ ಹೊರಗೆ ಹೊತ್ತುಕೊಂಡು ತಿರುಗುತ್ತೇನೆ. ನಮ್ಮೆಜಮಾನರು ಕೂಸು ಆಡಿಸ್ತೀಯಾ ಅಂತ ನಗುತ್ತಾರೆ, ಆದರೆ ದೊಡ್ಡ ಕುಂಡ ಎತ್ತೋದು ಅವರೇ. ಯಾವುದಾದರೂ ಗಿಡ ಚಿಗುರದೆ ನಿಂತಿದ್ದರೆ ಕಿತ್ತು ಎಸೆಯುವ ಮೊದಲು ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಲ್ಲಿ ಒಂಚೂರು ಕೆರೆದು ನೋಡಿ. ಕೆಳಗೆ ಹಸಿರು ಕಂಡರೆ ಇನ್ನೂ ಜೀವ ಇದೆ. ಕಂದು ಬಣ್ಣವಾಗಿದ್ದರೆ ಅದರ ಕೆಳಗಿನ ಕೊಂಬೆ ಕೆರೆಯಿರಿ, ಹಾಗೇ ಬುಡದವರೆಗೂ.