ಅಗ್ರಹಾರದ ಮನೆಗೆ ಮತ್ತೆ ಸುಣ್ಣದ ಗಾರೆ: ನನ್ನ ಅನುಭವ

ಮೈಸೂರಿನ ಅಗ್ರಹಾರದ ನಮ್ಮ ಹಳೇ ಮನೆಗೆ ಸುಣ್ಣದ ಗಾರೆ ಮಾಡಿಸುತ್ತೇನೆ ಅಂದಾಗ ಮೇಸ್ತ್ರಿಗಳೇ ಬೇಡ ಅಂದರು. ‘ಈಗಿನ ಕಾಲಕ್ಕೆ ಅದು ನಿಲ್ಲಲ್ಲ, ಸಿಮೆಂಟ್ ಹೊಡೆಸಿ’ ಅಂತ. ಮೂರ್ನಾಲ್ಕು ಮಳೆಗಾಲ ಆಯಿತು. ಎಲ್ಲೂ ಉಬ್ಬಿಲ್ಲ, ಉಪ್ಪು ಬಿಟ್ಟಿಲ್ಲ.

ಸಿಮೆಂಟಿನ ಕಥೆ ಆ ಗೋಡೆ ಮೊದಲೇ ನೋಡಿತ್ತು. ಹಿಂದೆ ಎರಡು ಸಲ ಹೊಡೆಸಿದ್ದರು. ಎರಡು ಸಲವೂ ಮೊಣಕಾಲೆತ್ತರದವರೆಗೆ ಹಪ್ಪಳದ ಹಾಗೆ ಎದ್ದು ಬಂತು, ಬರುವಾಗ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬಂತು.

ಸುಣ್ಣ ಅರಳಿಸಿ ಡ್ರಮ್ಮಿನಲ್ಲಿ ನೀರಿನಡಿ ತಿಂಗಳುಗಟ್ಟಲೆ ಇಟ್ಟೆ. ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ಮತ್ತು ಬೆಲ್ಲ ಕೊಳೆಸಿದ ನೀರು, ಇಷ್ಟೇ. ಬೆಲ್ಲ ಎಷ್ಟು, ಎಷ್ಟು ದಿನ ಕೊಳೆಸಿದೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಪಡುವಣ ಗೋಡೆಯ ಮೊದಲ ಪದರ ಮಾರ್ಚ್ ಬಿಸಿಲಿಗೆ ಬಿರುಕು ಬಿಟ್ಟು ಹೋಯಿತು. ಪೂರ್ತಿ ಕೆರೆಸಿ ಹಾಕಿದೆವು. ಸುಮಾರು ಹತ್ತು ಸಾವಿರ ರೂಪಾಯಿ ನೀರುಪಾಲಾಯಿತು. ಆಮೇಲೆ ತೆಳು ಪದರ, ಸಂಜೆ ಕೆಲಸ, ಒದ್ದೆ ಗೋಣಿತಟ್ಟಿನ ಪರದೆ. ಗಾರೆ ಹಸಿ ಇರುವಾಗಲೇ ಮರದ ಹಲಗೆಯಿಂದ ಬಡಿಯುತ್ತಾ ಇರಬೇಕು. ಬಡಿದಾಗ ಸದ್ದು ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ದುಡ್ಡು? ಸುಣ್ಣ ಅಗ್ಗ, ಕೂಲಿ ಜಾಸ್ತಿ. ಚದರಡಿಗೆ 180 ರೂಪಾಯಿಯ ಆಸುಪಾಸು ಬಿತ್ತು. ಸಿಮೆಂಟಾದರೆ ಅದರ ಅರ್ಧಕ್ಕೂ ಕಡಿಮೆ. ಆದರೆ ಎರಡು ವರ್ಷಕ್ಕೊಮ್ಮೆ ಕೆರೆಸುವ ಖರ್ಚನ್ನೂ ಸೇರಿಸಿ ನೋಡಿ.

ನಡುವೆ ಒಂದು ಪ್ರಯೋಗ ಮಾಡಿದೆ. ಜಗಲಿಯ ಗೋಡೆಯ ಒಂದು ತುಂಡಿಗೆ ಮೊಟ್ಟೆಯ ಬಿಳಿ ಸೇರಿಸಿದ ಸುಣ್ಣ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿಸಿದೆ. ಕೈಯಿಟ್ಟರೆ ಜಾರುತ್ತದೆ! ನೋಡಿದವರೆಲ್ಲ ಅಮೃತಶಿಲೆಯಾ ಅಂತ ಕೇಳುತ್ತಾರೆ. ಇಡೀ ಮನೆಗೆ ಮಾಡಿಸುವಷ್ಟು ಮೊಟ್ಟೆಯೂ ಇಲ್ಲ, ತಾಳ್ಮೆಯ ಕೆಲಸಗಾರರೂ ಇಲ್ಲ.

ಇಷ್ಟು ಹಟ ಯಾಕೆ ಅಂದರೆ, ಊರಿನ ಎಷ್ಟೋ ಹಳೇ ದೊಡ್ಡ ಕಟ್ಟಡಗಳ ಮೈಯೂ ಇದೇ ಇಟ್ಟಿಗೆ, ಇದೇ ಸುಣ್ಣ, ಇದೇ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮಾಳಿಗೆ). 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಆಗಿನಿಂದ ‘ಕೆಡವಿ, ಹೊಸದು ಕಟ್ಟಿ’ ಅನ್ನುವ ಮಾತು ನಿಂತೇ ಇಲ್ಲ. ವಯಸ್ಸಾಗಿದ್ದಕ್ಕೆ ಬಿದ್ದವು ಅಂದರೆ ನಾನು ಒಪ್ಪಲ್ಲ. 1861ರ ಜಗನ್ಮೋಹನ ಅರಮನೆ ಲ್ಯಾನ್ಸ್‌ಡೌನ್‌ಗಿಂತ ಹಳೆಯದು, ನಿಂತಿದೆಯಲ್ವಾ? ಸುಣ್ಣದ ಕಟ್ಟಡಕ್ಕೆ ನೀರು ಇಳಿಯಲು ಬಿಡಬಾರದು, ಇಳಿದರೆ ಆರಲು ಬಿಡಬೇಕು.

ಈ ಬೇಸಿಗೆಗೆ ತಾರಸಿಯ ಸರದಿ. ಎರಡು ತೊಲೆ ಬದಲಾಯಿಸಬೇಕು. ಹೊಸ ತೇಗದ ಬೆಲೆ ಕೈಗೆಟುಕಲ್ಲ, ಹಳೇ ಮನೆ ಕೆಡವಿದ ಕಡೆಯ ಮರ ಅರ್ಧ ಬೆಲೆಗೆ ಸಿಗುತ್ತದೆ. ಎಲ್ಲಿ ಸಿಗುತ್ತದೆ ಅನ್ನೋದನ್ನು ನನ್ನ ತೊಲೆ ಮನೆ ಸೇರಿದ ಮೇಲೆ ಹೇಳುತ್ತೇನೆ.